ಆಯುವ ಕೈಗೆ ಲೋಡಿಂಗ್ ಚೀಟಿಯೂ ಬರಲಿ

ಎಲ್ಲರಿಗೂ ನಮಸ್ಕಾರ. ಸರಕು ಇಳಿಸಿ, ಲಾರಿಗೆ ಹೊಂದಿಸುವ ಕೆಲಸದಲ್ಲಿ ಹೆಣ್ಣುಮಕ್ಕಳಿಗೂ ಜಾಗ ಕೊಡಿ ಎಂದು ಹೇಳಲು ಬಂದಿದ್ದೇನೆ. ಕೋಲಾರದವರಿಗೆ ಟೊಮೆಟೊ ಮಂಡಿಯನ್ನು ಪರಿಚಯಿಸಬೇಕಿಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ದೆಹಲಿ, ಕೋಲ್ಕತ್ತಾ ಕಡೆಯ ಲಾರಿಗೆ ಈಗಷ್ಟೇ ಬಣ್ಣ ತಿರುಗಿದ ದೋರೆಗಾಯಿ ಬೇಕು. ಕೆಂಪಗೆ ಮಾಗಿದ್ದು ಹತ್ತಿರದ ಊರಿಗೇ ಹೋಗಬೇಕು. 15 ಕೆಜಿ ಬಾಕ್ಸಿನ ತಳದಲ್ಲಿ ನಾಲ್ಕು ಮಾಗಿದ ಹಣ್ಣು ಸೇರಿಕೊಂಡರೂ ಮೇಲಿನ ಭಾರಕ್ಕೆ ಒಡೆಯುತ್ತವೆ; ರಸ ಕೆಳಗಿನ ಬಾಕ್ಸಿಗೂ ಇಳಿದು, ತಾಡಪಾಲಿನ ಶಾಖಕ್ಕೆ ಕೊಳೆ ಹರಡುತ್ತದೆ. ಇದನ್ನು ಕಣ್ಣಳತೆಯಲ್ಲೇ ತಡೆಯುವವರು ಹಣ್ಣು ಆಯುವ ಹೆಣ್ಣುಮಕ್ಕಳು. ಬಣ್ಣ ನೋಡಿ, ಒತ್ತಿ, ಈ ಲಾಟು, ಅಂದರೆ ಈ ರಾಶಿ, ಎಷ್ಟು ದಿನ ತಡೆಯುತ್ತದೆ ಎಂದು ಹೇಳಬಲ್ಲವರು. ಆದರೆ ಯಾವ ಲಾಟು ಯಾವ ಲಾರಿಗೆ ಎಂದು ಲೋಡಿಂಗ್ ಚೀಟಿ ಬರೆಯುವಾಗ ಅವರನ್ನು ಯಾರು ಕೇಳುತ್ತಾರೆ?

ನರಸಾಪುರ, ವೇಮಗಲ್, ಮಾಲೂರು ಕಡೆ ಗೋದಾಮು ನಡೆಸುವವರೂ ಇಲ್ಲಿದ್ದೀರಿ. ಹೆಣ್ಣುಮಕ್ಕಳನ್ನು ಪ್ಯಾಕಿಂಗ್, ಲೇಬಲ್, ಎಣಿಕೆಗೆ ಹಾಕುತ್ತೀರಿ. ಸರಕು ಇಳಿಸಿಕೊಳ್ಳುವ ಡಾಕ್, ಲಾರಿ ಹೊಂದಿಸುವ ಡಿಸ್ಪ್ಯಾಚ್ ಗಂಡಸರ ಪಾಲು. ಸೂಪರ್‌ವೈಸರ್ ಜಾಗ ಖಾಲಿಯಾದಾಗ "ಆಯಮ್ಮನಿಗೆ ಡಾಕ್ ಅನುಭವ ಇಲ್ಲ" ಎನ್ನುತ್ತೀರಿ. ಅನುಭವ ಕೊಡಬೇಕಾದವರು ಯಾರು ಸ್ವಾಮಿ?

ಹೆಣ್ಣುಮಕ್ಕಳಿಗೆ ಮೂರು ಮೂರು ತಿಂಗಳು ಸರದಿ ಹಾಕಿ: ಇನ್‌ವರ್ಡ್ ಅಂದರೆ ಬಂದ ಸರಕು ಇಳಿಸಿಕೊಳ್ಳುವುದು, ರ‍್ಯಾಕ್‌ಗೆ ಸೇರಿಸುವುದು, ಪಿಕಿಂಗ್ ಅಂದರೆ ಆರ್ಡರ್‌ಗೆ ತಕ್ಕಂತೆ ಸರಕು ತೆಗೆಯುವುದು, ಡಿಸ್ಪ್ಯಾಚ್. ಇನ್‌ವರ್ಡ್‌ನಲ್ಲಿ ಲಾರಿ ಬಾಗಿಲಿನ ಸೀಲ್ ನಂಬರ್, ಸರಕು ಸಾಗಣೆಯ ಜಿಎಸ್‌ಟಿ ಚೀಟಿಯಾದ ಇ-ವೇ ಬಿಲ್, ಇನ್‌ವಾಯ್ಸ್ ತಾಳೆ ನೋಡಿ, ಒಡೆದದ್ದು, ಕಡಿಮೆ ಬಂದದ್ದನ್ನು ಡ್ರೈವರ್ ಹೊರಡುವ ಮುಂಚೆ ಬರೆದು ಅವನ ಸಹಿ ಹಾಕಿಸಬೇಕು. ಸರದಿ ಕೆಡುವುದು ಒಂದೇ ಕಡೆ. ಹೆಸರಿಗೆ ಡಾಕ್‌ನಲ್ಲಿ ಕೂರಿಸುತ್ತಾರೆ, ಕಂಪ್ಯೂಟರ್‌ನಲ್ಲಿ ಲಾಗಿನ್ ಮಾತ್ರ ಇನ್ನೊಬ್ಬನದು. ಆಗ ದಾಖಲೆಯಲ್ಲಿ ಅವಳ ಕೆಲಸವೇ ಇರುವುದಿಲ್ಲ. ಅವಳದೇ ಲಾಗಿನ್ ಕೊಡಿ, ಮತ್ತೆ ಹೇಳುತ್ತೇನೆ, ಅವಳದೇ.

"ಭಾರ ಎತ್ತಲಾಗದು" ಅನ್ನುವ ಮಾತು ಬಂದೇ ಬರುತ್ತದೆ. ಸರಕಿನ ಅಟ್ಟಿಯನ್ನು ಎತ್ತಿ ಸಾಗಿಸುವ ಬ್ಯಾಟರಿ ಗಾಡಿ, ಪ್ಯಾಲೆಟ್ ಟ್ರಕ್, ತನ್ನಿ, ಹೆಚ್ಚು ಓಡಾಡುವ ಸರಕನ್ನು ಮೊಣಕಾಲಿಗೂ ಭುಜಕ್ಕೂ ನಡುವಿನ ಎತ್ತರದಲ್ಲಿಡಿ. ಗಂಡಸರ ಸೊಂಟವೂ ಉಳಿಯುತ್ತದೆ, ನೋಡಿ!

ರಾತ್ರಿ ಪಾಳಿಯ ವಿಷಯ. 1948ರ ಕಾರ್ಖಾನೆ ಕಾಯ್ದೆ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳಿಗೆ ಅದನ್ನು ತಡೆದಿತ್ತು; 2019ರಲ್ಲಿ ನಮ್ಮ ರಾಜ್ಯ ಸರ್ಕಾರ, ಒಪ್ಪುವ ಮಹಿಳೆಯರಿಗೆ ಷರತ್ತಿನ ಮೇಲೆ ಅವಕಾಶ ಕೊಟ್ಟಿತು. ರಾತ್ರಿ ಪಾಳಿಯವರನ್ನು ನಿಮ್ಮ ವಾಹನ ಹೆದ್ದಾರಿಯಲ್ಲಿ ಇಳಿಸಿ ಹೋದರೆ ಪ್ರಯೋಜನವಿಲ್ಲ, ಮನೆ ಬಾಗಿಲವರೆಗೆ ಹೋಗಬೇಕು.

ಸಮಯ ಆಯಿತೆಂದು ಚೀಟಿ ಬಂದಿದೆ, ಬೇಗ ಮುಗಿಸುತ್ತೇನೆ. ಶೌಚಾಲಯ ಡಾಕ್ ಪಕ್ಕದಲ್ಲಿರಲಿ. ಹತ್ತು ಅಥವಾ ಹೆಚ್ಚು ಜನ ಇದ್ದ ಕಡೆ, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ದೂರು ಸಮಿತಿ ಇರಲೇಬೇಕು, ಗುತ್ತಿಗೆಯವರನ್ನೂ ಎಣಿಸಿ. ಮುಂದಿನ ತಿಂಗಳ ಪಾಳಿ ಪಟ್ಟಿಯಲ್ಲಿ ಡಾಕ್‌ಗೆ ಇಬ್ಬರು ಹೆಣ್ಣುಮಕ್ಕಳ ಹೆಸರು ಬರೆಯಿರಿ. ಒಬ್ಬಳೇ ಇದ್ದರೆ, ಅವಳು ರಜೆ ಹಾಕಿದ ದಿನವೇ ಆ ಕುರ್ಚಿ ಮತ್ತೆ ಹಳಬನಿಗೆ ಹೋಗುತ್ತದೆ.