ಎಫ್‌ಟಿಐಆರ್ ಗ್ರಾಫ್ ನೋಡಿ ಹೊಂದಾಣಿಕೆ ಇದೆ ಅನ್ನಬೇಡಿ

ನಮಸ್ಕಾರ. ಇವತ್ತು ಸ್ವಲ್ಪ ಜಗಳದ ಮಾತು.

ಎಂ.ಫಾರ್ಮ್ ಥೀಸಿಸ್‌ಗಳನ್ನು ತಿರುವಿ ಹಾಕಿ. ನಡುವೆ ಎಲ್ಲೋ ಎರಡು ಎಫ್‌ಟಿಐಆರ್ ಗ್ರಾಫ್ ಸಿಗುತ್ತವೆ, ಅಂದರೆ ಇನ್‌ಫ್ರಾರೆಡ್ ಬೆಳಕಿನಿಂದ ವಸ್ತುವನ್ನು ಗುರುತಿಸುವ ಪರೀಕ್ಷೆಯದ್ದು. ಒಂದು ಬರೀ ಔಷಧದ್ದು, ಇನ್ನೊಂದು ಎಕ್ಸಿಪಿಯೆಂಟ್ (ಮಾತ್ರೆಯಲ್ಲಿ ಔಷಧದ ಜೊತೆ ಸೇರಿಸುವ ಬೇರೆ ಪದಾರ್ಥ) ಬೆರೆಸಿದ್ದು. ಕೆಳಗೆ ಒಂದು ಸಾಲು: ಪೀಕ್‌ಗಳು ಹಾಗೇ ಇವೆ, ಹೊಂದಾಣಿಕೆ ಇದೆ. ಅಂದರೆ ಎಕ್ಸಿಪಿಯೆಂಟ್ ಔಷಧವನ್ನು ಕೆಡಿಸುವುದಿಲ್ಲ ಅಂತ. ಮುಗೀತು! ನನ್ನ ಪ್ರಕಾರ ಇದು ಸುಮ್ನೆ ಶಾಸ್ತ್ರಕ್ಕೆ ಮಾಡುವ ಕೆಲಸ.

ಸ್ಟೆಬಿಲಿಟಿಯಲ್ಲಿ, ಅಂದರೆ ಔಷಧ ದಿನ ಕಳೆದಂತೆ ಕೆಡದೆ ಉಳಿಯುತ್ತದಾ ಅಂತ ನೋಡುವಾಗ, ನಮ್ಮನ್ನು ಕಾಡುವುದು 0.2, 0.5 ಪರ್ಸೆಂಟ್ ಲೆಕ್ಕದ ಕಲ್ಮಶ. ಅಷ್ಟು ಕಡಿಮೆ ಇದ್ದರೆ ಎಫ್‌ಟಿಐಆರ್‌ನಲ್ಲಿ ಕಾಣುವುದು ಕಷ್ಟ. ಅದರಲ್ಲೂ ಬೆಳಗ್ಗೆ ಬೆರೆಸಿ ಮಧ್ಯಾಹ್ನ ನೋಡಿದರೆ ಏನು ತಾನೇ ಕಾಣುತ್ತದೆ? ಬಿಸಿ ಮಾಡುತ್ತಾ ವಸ್ತು ಕರಗುವುದನ್ನು ಅಳೆಯುವ ಡಿಎಸ್‌ಸಿ ಪರೀಕ್ಷೆ ಕೂಡ ಇಷ್ಟೇ. 200 ಡಿಗ್ರಿ ದಾಟಿಸಿ ಬಿಸಿ ಮಾಡುತ್ತೇವೆ, ಮಾತ್ರೆ ಆ ಬಿಸಿಯನ್ನು ಯಾವತ್ತೂ ನೋಡುವುದಿಲ್ಲ. ಕರಗಿದ ಎಕ್ಸಿಪಿಯೆಂಟ್‌ನಲ್ಲಿ ಔಷಧ ಕರಗಿ ಪೀಕ್ ಮಾಯವಾದರೂ 'ಕ್ರಿಯೆ ಆಯಿತು' ಅಂತ ಬರೆದುಬಿಡುತ್ತೇವೆ.

ಅಮ್ಲೋಡಿಪಿನ್ ತಗೊಳ್ಳಿ, ಬಿಪಿ ಮಾತ್ರೆ. ಅದರಲ್ಲಿ ಪ್ರೈಮರಿ ಅಮೀನ್ ಅನ್ನುವ ಸಾರಜನಕದ ಗುಂಪು ಇದೆ. ಎಕ್ಸಿಪಿಯೆಂಟ್ ಆಗಿ ಬಳಸುವ ಲ್ಯಾಕ್ಟೋಸ್ ರಿಡ್ಯೂಸಿಂಗ್ ಸಕ್ಕರೆ, ಅಂದರೆ ಅಮೀನ್ ಜೊತೆ ಕ್ರಿಯೆ ನಡೆಸಬಲ್ಲದ್ದು. ಇವೆರಡರ ನಡುವೆ ಮೈಯಾರ್ ಕ್ರಿಯೆ ನಡೆಯಬಹುದು, ಬ್ರೆಡ್ ಸುಟ್ಟಾಗ ಕಂದು ಬಣ್ಣ ಬರುವುದೂ ಇದರಿಂದಲೇ. ಲ್ಯಾಕ್ಟೋಸ್ ಜೊತೆಗೆ ಮೆಗ್ನೀಸಿಯಂ ಸ್ಟಿಯರೇಟ್ (ಮಾತ್ರೆ ಅಚ್ಚಿಗೆ ಅಂಟದಂತೆ ಹಾಕುವ ಪುಡಿ), ನೀರು ಎರಡೂ ಸೇರಿದಾಗ ಔಷಧ ಹಾಳಾಗುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ಎರಡೆರಡೇ ಒಣ ಪುಡಿ ಬೆರೆಸಿ ಕೂತರೆ ಇದು ಸಿಕ್ಕಿಬೀಳುತ್ತದಾ? ಅನುಮಾನ. ಅಂದಹಾಗೆ ಅಮ್ಲೋಡಿಪಿನ್‌ನ ಬ್ರ್ಯಾಂಡ್ ನಾರ್ವಾಸ್ಕ್‌ನಲ್ಲಿ ಲ್ಯಾಕ್ಟೋಸ್ ಇಲ್ಲ. ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್, ಡೈಬೇಸಿಕ್ ಕ್ಯಾಲ್ಸಿಯಂ ಫಾಸ್ಫೇಟ್ ಇವೆ.

ಹಾಗಾಗಿ ನನ್ನ ವಾದ ಇಷ್ಟು: ನೀರು ಹಾಕಿ. ನಿಜವಾದ ಫಾರ್ಮುಲಾದ ಹತ್ತಿರದ ಪ್ರಮಾಣದಲ್ಲಿ ಮಿಶ್ರಣ ಮಾಡಿ, 20 ಪರ್ಸೆಂಟ್ ನೀರು ಸೇರಿಸಿ, ಗಾಜಿನ ವಯಲ್ ಮುಚ್ಚಿ, 50 ಡಿಗ್ರಿಯಲ್ಲಿ ಮೂರು ವಾರ ಇಡಿ. ಆಮೇಲೆ ಎಚ್‌ಪಿಎಲ್‌ಸಿ, ಅಂದರೆ ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ ಪರೀಕ್ಷೆ. ಪಕ್ಕದಲ್ಲಿ ಬರೀ ಔಷಧಕ್ಕೆ ನೀರು ಹಾಕಿದ ಕಂಟ್ರೋಲ್ ಇರಲೇಬೇಕು. ಇಲ್ಲದಿದ್ದರೆ ತಪ್ಪು ನೀರಿನದೋ ಎಕ್ಸಿಪಿಯೆಂಟ್‌ದೋ ಗೊತ್ತಾಗುವುದಿಲ್ಲ. ಮೆಗ್ನೀಸಿಯಂ ಸ್ಟಿಯರೇಟ್ ಮಾತ್ರೆಯಲ್ಲಿ ಇರುವುದು ಒಂದು ಪರ್ಸೆಂಟ್ ಆಸುಪಾಸು. ಅದನ್ನು ಔಷಧದ ಸಮಕ್ಕೆ ಬೆರೆಸಿ ಹೆದರುವುದು ಬೇಡ.

'ನೀರು ಹಾಕಿದರೆ ಎಲ್ಲ ಔಷಧವೂ ಕೆಡುತ್ತದೆ, ಇದು ಅನ್ಯಾಯ' ಅನ್ನುವವರಿದ್ದಾರೆ. ಆದರೆ ಸ್ಟಾರ್ಚ್ ತಾನೇ ಹತ್ತು ಪರ್ಸೆಂಟ್‌ಗೂ ಜಾಸ್ತಿ ತೇವ ಹಿಡಿದಿರುತ್ತದೆ. ವೆಟ್ ಗ್ರಾನುಲೇಷನ್ (ಪುಡಿಯನ್ನು ಒದ್ದೆ ಮಾಡಿ ಕಾಳು ಕಟ್ಟಿಸುವುದು) ಮಾಡಿದರೆ ನಾವೇ ನೀರು ಸುರಿಯುತ್ತೇವೆ, ಅಲ್ವಾ? ಆಸ್ಪಿರಿನ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅದು ಅಸಿಟಿಕ್ ಆಸಿಡ್. ತೇವದಿಂದ ಮಾತ್ರೆ ಒಡೆಯುತ್ತಿದೆ ಅಂತ ಅರ್ಥ. ಕ್ಷಾರೀಯ ಸ್ಟಿಯರೇಟ್ ಇದ್ದರೆ ಇನ್ನೂ ಬೇಗ.

ಕಾಲೇಜಿನಲ್ಲಿ ಎಚ್‌ಪಿಎಲ್‌ಸಿ ಸರದಿ ಸಿಗುವುದು ಕಷ್ಟ, ಒಪ್ಪುತ್ತೇನೆ. ಹಾಗಾದರೆ ಟಿಎಲ್‌ಸಿ ಪ್ಲೇಟ್ ಓಡಿಸಿ, ಅಂಶಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಸರಳ ಪರೀಕ್ಷೆ ಅದು. ಹೊಸ ಚುಕ್ಕೆ ಬಂತಾ ನೋಡಿ. ಪುಡಿಯ ಬಣ್ಣ ಬದಲಾಗಿದ್ದರೆ ಫೋಟೋ ತೆಗೆದು ಥೀಸಿಸ್‌ಗೆ ಹಾಕಿ. ಎಕ್ಸಾಮಿನರ್ ಪ್ರಶ್ನೆ ಕೇಳಿದರೆ ಆಗ ಹೇಳುವುದಕ್ಕೆ ನಿಮ್ಮ ಬಳಿ ಏನಾದರೂ ಇರುತ್ತದೆ.