ಮೂರ್ಛೆರೋಗ ಮತ್ತು ಆಂಟಿಆಕ್ಸಿಡೆಂಟ್: ಇಲಿಗಳಿಗೆ ಕೊಟ್ಟದ್ದು ಯಾವಾಗ?

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಮೂರ್ಛೆರೋಗವಿರುವ ಮಗುವನ್ನು ಕರೆತರುವ ತಂದೆತಾಯಂದಿರು ಈಚೆಗೆ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಡಾಕ್ಟ್ರೇ, ವಿಟಮಿನ್ ಇ, ವಿಟಮಿನ್ ಸಿ, ಅರಿಶಿನದ ಕ್ಯಾಪ್ಸೂಲು, ಇವೆಲ್ಲ ಆಂಟಿಆಕ್ಸಿಡೆಂಟಂತೆ, ಕೊಟ್ಟರೆ ಫಿಟ್ಸ್ ನಿಲ್ಲುತ್ತದಂತೆ, ಇಲಿಗಳ ಮೇಲೆ ಪ್ರಯೋಗವೂ ಆಗಿದೆಯಂತೆ, ಹೌದೇ?’ ಪ್ರಯೋಗ ಆಗಿರುವುದು ನಿಜ. ಫಲಿತಾಂಶವೂ ಚೆನ್ನಾಗಿಯೇ ಬಂದಿದೆ. ಆದರೆ ಆ ಇಲಿಗಳಿಗೆ ಅದನ್ನು ಯಾವಾಗ ಕೊಟ್ಟರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಇಂದು ಮಾತನಾಡಬೇಕೆಂದಿರುವುದು ಅದರ ಬಗ್ಗೆಯೇ.

ಮಿದುಳಿನ ತೂಕ ದೇಹತೂಕದ ಶೇಕಡ 2ರಷ್ಟು ಮಾತ್ರ. ಆದರೆ ನಾವು ಸುಮ್ಮನೆ ಕುಳಿತಿರುವಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಶೇಕಡ 20ರಷ್ಟು ಅದೊಂದಕ್ಕೇ ಬೇಕು. ಫಿಟ್ಸ್ ಬಂದಾಗ ಸಾವಿರಾರು ನರಕೋಶಗಳು ಏಕಕಾಲಕ್ಕೆ ಉದ್ರೇಕಗೊಂಡು, ಅವುಗಳೊಳಗೆ ಕ್ಯಾಲ್ಸಿಯಂ ನುಗ್ಗಿ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಹದ ತಪ್ಪಿ, ಮುಕ್ತ ರಾಡಿಕಲ್‌ಗಳೆಂಬ ಅತಿ ಚುರುಕಾದ ಕಣಗಳನ್ನು ಹೊರಬಿಡುತ್ತವೆ. ಇವು ಕೋಶದ ಪೊರೆಯಲ್ಲಿರುವ ಕೊಬ್ಬನ್ನು ಕೆಡಿಸುತ್ತವೆ. ಹಾಗೆ ಕೆಡದಂತೆ ತಡೆಯುವ ವಸ್ತುವೇ ಆಂಟಿಆಕ್ಸಿಡೆಂಟ್.

ಈಗ ನನಗೆ ಬಹಳ ಮೆಚ್ಚಿನ ಪ್ರಯೋಗವೊಂದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ತಲೆಗೆ ಪೆಟ್ಟು ಬಿದ್ದು ಮಿದುಳಿನೊಳಗೆ ರಕ್ತ ಸೋರಿದವರಲ್ಲಿ ಕೆಲವರಿಗೆ, ಗಾಯವೆಲ್ಲ ಮಾಯ್ದು ಅವರು ಕೆಲಸಕ್ಕೆ ಹೋಗತೊಡಗಿದ ಎಷ್ಟೋ ತಿಂಗಳುಗಳ ಅನಂತರ, ಇದ್ದಕ್ಕಿದ್ದಂತೆ ಫಿಟ್ಸ್ ಆರಂಭವಾಗುತ್ತದೆ. ಇದೇಕೆ? ಅಮೆರಿಕದ ನರರೋಗ ತಜ್ಞ ಜೇಮ್ಸ್ ವಿಲ್ಮೋರ್ ಅವರಿಗೆ ಅನುಮಾನ ಬಂದದ್ದು ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣದ ಮೇಲೆ. ಅವರೂ ಅವರ ಸಹೋದ್ಯೋಗಿಗಳೂ ಕಬ್ಬಿಣದ ಲವಣದ ದ್ರಾವಣವನ್ನು, ಒಂದು ಹನಿಯ ಸಣ್ಣ ಅಂಶದಷ್ಟನ್ನು ಮಾತ್ರ, ಇಲಿಯ ಮಿದುಳಿನ ಹೊರಪದರಕ್ಕೆ ಚುಚ್ಚಿ, ಇಇಜಿ ಯಂತ್ರದಲ್ಲಿ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಕಾಗದದ ಮೇಲೆ ಮೂರ್ಛೆರೋಗದ ಚೂಪಾದ ಅಲೆಗಳು ಎದ್ದವು. ಕೆಲವು ಇಲಿಗಳಿಗೆ ಫಿಟ್ಸ್ ಮರುಕಳಿಸುತ್ತಲೇ ಇತ್ತು. ಇದು ಪ್ರಕಟವಾದದ್ದು 1978ರಲ್ಲಿ. ಎಷ್ಟು ಸರಳ, ಎಷ್ಟು ಸೊಗಸಾದ ಪ್ರಯೋಗ ನೋಡಿ! ಸೋರಿದ ರಕ್ತ ಕರಗಿಹೋಗಬಹುದು, ಆದರೆ ಅದರ ಕಬ್ಬಿಣ ಅಲ್ಲಿಯೇ ಉಳಿದು, ಮುಕ್ತ ರಾಡಿಕಲ್‌ಗಳನ್ನು ಹುಟ್ಟಿಸುತ್ತ ಹೋಗುತ್ತದೆ. 1981ರಲ್ಲಿ ವಿಲ್ಮೋರ್ ಮತ್ತು ರೂಬಿನ್ ಮುಂದಿನ ಹೆಜ್ಜೆ ಇಟ್ಟರು. ಇಲಿಗಳಿಗೆ ವಿಟಮಿನ್ ಇ ಮತ್ತು ಸೆಲೆನಿಯಂ ಕೊಟ್ಟು, ಆಮೇಲೆ ಕಬ್ಬಿಣ ಚುಚ್ಚಿದರು. ಬಹಳಷ್ಟು ಇಲಿಗಳಲ್ಲಿ ಆ ಚೂಪಾದ ಅಲೆಗಳು ಕಾಣಿಸಲೇ ಇಲ್ಲ.

ದಯವಿಟ್ಟು ಗಮನಿಸಿ: ವಿಟಮಿನ್ ಮೊದಲು, ಕಬ್ಬಿಣ ಆಮೇಲೆ. ಪೆಟ್ಟು ಬೀಳುವುದಕ್ಕಿಂತ ಮೊದಲೇ ಕೊಟ್ಟಿದ್ದರು.

ಪೈಲೋಕಾರ್ಪಿನ್ ಎಂಬ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಚುಚ್ಚಿ ಇಲಿಗಳಲ್ಲಿ ಫಿಟ್ಸ್ ತರಿಸುವ ಇನ್ನೊಂದು ವಿಧಾನವಿದೆ. ಅಲ್ಲಿಯೂ ವಿಟಮಿನ್ ಸಿ ಕೊಟ್ಟ ಇಲಿಗಳಲ್ಲಿ ಫಿಟ್ಸ್ ತಡವಾಗಿ ಬಂದಿತು, ಸಾವು ಕಡಿಮೆಯಾಯಿತು. ಆದರೆ ಅದನ್ನು ಕೊಟ್ಟದ್ದು ಪೈಲೋಕಾರ್ಪಿನ್ ಚುಚ್ಚುವ ಅರ್ಧ ಗಂಟೆ ಮೊದಲು, ದೇಹತೂಕದ ಪ್ರತಿ ಕಿಲೋಗೆ 250 ಮಿಲಿಗ್ರಾಂನಂಥ ಪ್ರಮಾಣದಲ್ಲಿ, ಅದೂ ಹೊಟ್ಟೆಯೊಳಕ್ಕೆ ಸೂಜಿಯ ಮೂಲಕ. ಮತ್ತೆ ಅದೇ ಮಾತು, ಮೊದಲೇ ಕೊಟ್ಟಿದ್ದರು. ನಿಮ್ಮ ಮಗುವಿಗೆ ರೋಗ ಈಗಾಗಲೇ ಬಂದಿದೆ. ಬರಲಿರುವ ಹಾನಿಯನ್ನು ತಡೆಯುವುದು ಬೇರೆ, ಬೇರೂರಿದ ರೋಗದ ಫಿಟ್ಸನ್ನು ನಿಲ್ಲಿಸುವುದು ಬೇರೆ.

ಮನುಷ್ಯರ ವಿಷಯವನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಇಲಿಗಳೇ ನನ್ನ ಹೆಚ್ಚಿನ ಸಮಯವನ್ನು ತೆಗೆದುಕೊಂಡಿವೆ. 1989ರಲ್ಲಿ ಪ್ರಕಟವಾದ 24 ಮಕ್ಕಳ ಅಧ್ಯಯನವೊಂದರಲ್ಲಿ ವಿಟಮಿನ್ ಇ ಪಡೆದ 12 ಮಕ್ಕಳಲ್ಲಿ 10 ಮಂದಿಗೆ ಫಿಟ್ಸ್ ಬಹಳ ಕಡಿಮೆಯಾಯಿತು. ಎಲ್ಲರೂ ಹಿಗ್ಗಿದರು. 1994ರಲ್ಲಿ ದೆಹಲಿಯ ಏಮ್ಸ್ ವೈದ್ಯರು ಔಷಧಕ್ಕೆ ಬಗ್ಗದ 43 ರೋಗಿಗಳಲ್ಲಿ ಅದನ್ನೇ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ.

ಕೊನೆಯದಾಗಿ ಅರಿಶಿನದ ಕ್ಯಾಪ್ಸೂಲು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ಅದು ಹಲವು ಪಟ್ಟು ಹೆಚ್ಚುತ್ತದೆ ಎಂದು 1998ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ. ಆದ್ದರಿಂದಲೇ ಇಂದು ಅನೇಕ ಕ್ಯಾಪ್ಸೂಲುಗಳಲ್ಲಿ ಪೈಪರಿನ್ ಸೇರಿಸಿರುತ್ತಾರೆ. ಅದೇ ಪೈಪರಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮಾತ್ರೆಯ ಮಟ್ಟವನ್ನೂ ರಕ್ತದಲ್ಲಿ ಏರಿಸುತ್ತದೆ. ಮಟ್ಟ ಮಿತಿಮೀರಿದರೆ ನಡಿಗೆ ತೂರಾಡುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಸಾರಿಗೆ ಹಾಕುವ ಚಿಟಿಕೆ ಮೆಣಸಿನ ಬಗ್ಗೆ ನಾನು ಹೇಳುತ್ತಿಲ್ಲ, ಗಾಬರಿಯಾಗಬೇಡಿ. ಆದರೆ ಅಂಥ ಡಬ್ಬಿ ಮನೆಯಲ್ಲಿದ್ದರೆ, ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಅದನ್ನೂ ಕೈಚೀಲಕ್ಕೆ ಹಾಕಿಕೊಳ್ಳಿ. ಅಲ್ಲಿಯವರೆಗೆ ಅವರು ಬರೆದುಕೊಟ್ಟ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬೇಡಿ. ನಮಸ್ಕಾರ.