ಕ್ಯಾಂಪ್ ಮುಗಿದ ಮಾರನೇ ದಿನ

(ಬೆಂಗಳೂರಿನ ಕನ್ನಡ ಕ್ರೈಸ್ತ ಸಭೆಯೊಂದರ ಯೌವನಸ್ಥರು ಬೇಸಿಗೆ ಸೇವಾ ಶಿಬಿರಕ್ಕೆ ಹೊರಡುವ ಮುನ್ನ ನರ್ಸ್ ಒಬ್ಬರು ಆಡಿದ ಮಾತು)

ಅಯ್ಯನವರಿಗೂ ಸಭೆಯ ಹಿರಿಯರಿಗೂ ವಂದನೆ. ಯೌವನಸ್ಥರೇ, ನಿಮ್ಮ ಹುಮ್ಮಸ್ಸಿಗೆ ತಣ್ಣೀರು ಎರಚಲು ನಾನು ಬಂದಿಲ್ಲ. ಸ್ವಲ್ಪ ಎರಚಬಹುದು, ಬೇಸರ ಮಾಡಿಕೊಳ್ಳಬೇಡಿ.

ಹತ್ತು ವರ್ಷದ ಹಿಂದೆ ಕನಕಪುರದ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಕ್ಯಾಂಪಿತ್ತು. ಬಿಪಿ ನೋಡುವ ಮೇಜಿನಲ್ಲಿ ನಾನು ಕೂತಿದ್ದೆ. ಒಬ್ಬರು ಅಜ್ಜಿ ಬಂದು, "ಎದ್ದರೆ ತಲೆ ಸುತ್ತುತ್ತೆ ಕಣವ್ವ" ಅಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಕವರು. ಒಳಗೆ ಮೂರು ಶೀಟು ಮಾತ್ರೆ, ಮೂರಕ್ಕೂ ಬೇರೆ ಬೇರೆ ಹೆಸರು. ತಿರುಗಿಸಿ ಸಣ್ಣಕ್ಷರ ಓದಿದರೆ ಮೂರೂ ಒಂದೇ ಔಷಧ, ಬಿಪಿ ಇಳಿಸುವ ಅಮ್ಲೋಡಿಪಿನ್. ಮೂರು ಕ್ಯಾಂಪಿನವರು ಕೊಟ್ಟಿದ್ದು. "ದೂರದಿಂದ ಬಂದು ಕೊಟ್ಟವ್ರೆ, ಬಿಸಾಕಕ್ಕಾಗ್ತದಾ?" ಅಂತ ದಿನಾ ಮೂರನ್ನೂ ನುಂಗುತ್ತಿದ್ದರು. ಒಂದು ಶೀಟಿನ ಮೇಲೆ ಮಾರ್ಕರಿನಲ್ಲಿ ಬರೆದ ಸೂರ್ಯ, ಬೆಳಿಗ್ಗೆ ನುಂಗಬೇಕು ಎಂಬ ಗುರುತು. ಆ ಸೂರ್ಯನನ್ನು ಹಿಂದಿನ ಕ್ಯಾಂಪಿನಲ್ಲಿ ಬರೆದವಳು ನಾನೇ. ಬೇರೆ ಮಾತ್ರೆ ಏನಾದರೂ ತಗೊಳ್ತೀರಾ ಅಂತ ಅವತ್ತು ಕೇಳಿರಲಿಲ್ಲ. ಹಿಂದೆ ಉದ್ದ ಕ್ಯೂ ಇತ್ತು.

ಬಿಪಿ, ಶುಗರ್ ಮೂರು ದಿನದ ಕಾಯಿಲೆಗಳಲ್ಲ. ಹದಿನೈದು ದಿನದ ಮಾತ್ರೆ ಕೊಟ್ಟು ಬಂದರೆ ಹದಿನಾರನೇ ದಿನ ಯಾರನ್ನು ಕೇಳಬೇಕು? ಆ ಊರಿನ ಆಶಾ ಕಾರ್ಯಕರ್ತೆಯನ್ನು. ಆದರೆ ನಾವು ಅವರನ್ನು ಕರೆದೇ ಇರಲಿಲ್ಲ.

ನಮ್ಮ ಹಿಂದಿನವರ ಕೆಲಸ ನೋಡಿ. ನೃಪತುಂಗ ರಸ್ತೆಯ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಗುಡ್ ಶೆಫರ್ಡ್ ಸಿಸ್ಟರ್‌ಗಳು ಶುರು ಮಾಡಿದ್ದು 1886ರಲ್ಲಿ. ಇವತ್ತಿಗೂ ಅಲ್ಲಿ ಚೀಟಿ ಮಾಡಿಸಬಹುದು. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರದ್ದು, ಅದೂ ಅಲ್ಲೇ ಇದೆ. 1963ರಲ್ಲಿ ಆರಂಭವಾದ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ತನ್ನ ಎಂಬಿಬಿಎಸ್ ವಿದ್ಯಾರ್ಥಿಗಳನ್ನು ಓದು ಮುಗಿದ ಮೇಲೆ ಎರಡು ವರ್ಷ ಹಳ್ಳಿಗಾಡಿನ ಆಸ್ಪತ್ರೆಗಳಿಗೆ ಕಳಿಸುವ ಪದ್ಧತಿ ಇಟ್ಟುಕೊಂಡು ಬಂದಿದೆ. ಮೂರು ದಿನವಲ್ಲ, ಎರಡು ವರ್ಷ! ಇನ್ನು ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಕಿಟೆಲ್. ಬಾಸೆಲ್ ಮಿಷನ್ನಿನಿಂದ ಅವರು ಬಂದದ್ದು 1853ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರೆಲ್ಲ ತಪ್ಪೇ ಮಾಡದ ಸಂತರೆಂದು ನಾನು ಹೇಳುತ್ತಿಲ್ಲ, ವಸಾಹತು ಕಾಲದ ಗತ್ತು ಅವರಲ್ಲೂ ಇತ್ತು. ಆದರೆ ಕಲಿಸುವ ಮೊದಲು ಕಿಟೆಲ್ ಕೂತು ಕಲಿತರು.

ನಾವೋ, ಹಳ್ಳಿ ಶಾಲೆಗೆ ಹೋದ ತಕ್ಷಣ ಇಂಗ್ಲಿಷ್ ಪದ್ಯ ಶುರು. ಒಮ್ಮೆ ನಮ್ಮ ಹುಡುಗಿಯರು ಮಳೆಗೆ ಹೋಗು ಹೋಗು ಅನ್ನುವ ಶಿಶುಗೀತೆ ಹೇಳಿಕೊಟ್ಟರು. ಜಗಲಿಯಲ್ಲಿದ್ದ ಮುದುಕಿ ಅರ್ಥ ಕೇಳಿ, ಗಾಬರಿಯಾಗಿ, "ಹೋಗು ಅನ್ನಿಸಬೇಡ್ರವ್ವ, ಇನ್ನೂ ರಾಗಿ ಬಿತ್ತಿಲ್ಲ" ಅಂದರು. ನಗು ಬಂತು ಬಿಡಿ. ಅದೇ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿವರೆಗೆ ನಲಿ–ಕಲಿ, ಅಂದರೆ ಕಾರ್ಡು ಹಿಡಿದು ಆಡುತ್ತಾ ಕಲಿಯುವ ಪದ್ಧತಿ, ನಡೆಯುತ್ತದೆ. ಕಾರ್ಡುಗಳು ಸವೆದಿದ್ದವು, ಬರೆದುಕೊಡಲು ಕೈ ಬೇಕಿತ್ತು. ಟೀಚರಮ್ಮನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ವಿದೇಶದ ಅತಿಥಿ ಡಾಕ್ಟರುಗಳ ಬಗ್ಗೆ ಹೆಚ್ಚು ಹೇಳಲ್ಲ. ಟೂರಿಸ್ಟ್ ವೀಸಾದಲ್ಲಿ ಬಂದು ಸ್ಟೆತಸ್ಕೋಪ್ ಹಿಡಿಯುವಂತಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಅನುಮತಿ ಬೇಕು.

ಪ್ರಾರ್ಥನೆಯ ವಿಷಯ ಹೇಳಲೇಬೇಕು. 2022ರಲ್ಲಿ ಬಂದ ನಮ್ಮ ರಾಜ್ಯದ ಮತಾಂತರ ಕಾಯ್ದೆ ಉಚಿತ ಶಿಕ್ಷಣವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಅದು ಸರಿಯೋ ತಪ್ಪೋ ಎಂಬ ವಾದ ಬೇರೆ. ನನ್ನ ತಕರಾರು ಅದಕ್ಕಿಂತ ಹಳೆಯದು. ಜ್ವರದ ಮಗು ಎತ್ತಿಕೊಂಡು ಕ್ಯೂನಲ್ಲಿ ನಿಂತ ತಾಯಿಗೆ "ಪ್ರಾರ್ಥನೆ ಮಾಡಲಾ ಅಕ್ಕಾ?" ಅಂದರೆ, ಬೇಡ ಎನ್ನುವ ಧೈರ್ಯ ಅವಳಿಗೆ ಎಲ್ಲಿಂದ ಬರಬೇಕು? ಮಾತ್ರೆ ಕೊಡುವ ಮೇಜಿನ ಹತ್ತಿರ ಅದು ಬೇಡ. ಬಸ್ಸಿನಲ್ಲಿ ಎಷ್ಟು ಬೇಕಾದರೂ ಮಾಡೋಣ, ಘಾಟಿ ರಸ್ತೆಯೂ ಇದೆ.

ಈ ಸಲ ಹೀಗೆ ಮಾಡೋಣ. ಕ್ಯಾಂಪಿನ ದಿನಾಂಕವನ್ನು ಅಲ್ಲಿನ ಪಿಎಚ್‌ಸಿಯವರು, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದವರು, ಹೇಳಲಿ. ಆಶಾ ಕಾರ್ಯಕರ್ತೆ ಮೊದಲ ಮೇಜಿನಲ್ಲಿ ಕೂರಲಿ, ಊಟದಲ್ಲೂ ಮೊದಲ ತಟ್ಟೆ ಅವರದ್ದು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಕವರಿನ ಸಮೇತ ತನ್ನಿ ಅಂತ ಹಿಂದಿನ ದಿನವೇ ಸಾರಿಸೋಣ. ಬಿಪಿ ನೋಡಿದವರ ಪಟ್ಟಿ ಬಸ್ಸು ಹತ್ತುವ ಮೊದಲು ಪಿಎಚ್‌ಸಿ ಕೈಗೆ ಹೋಗಬೇಕು.

ಬ್ಯಾನರಿಗೆ ಇಟ್ಟ ದುಡ್ಡಿನಲ್ಲಿ ಬಿಪಿ ಮೆಷಿನ್ನುಗಳಿಗೆ ಹೊಸ ಸೆಲ್ ಹಾಕಿಸಿ. ಹೋದ ವರ್ಷ ಮಧ್ಯಾಹ್ನಕ್ಕೇ ಎರಡು ಮೆಷಿನ್ ಸತ್ತಿದ್ದವು.